ಸಾಹೇಬರಿಗೆ ಕಾಣದ ಕಾಮನಬಿಲ್ಲು

ಊರಲ್ಲಿ ನನ್ನನ್ನು ಕಾಮನಬಿಲ್ಲಿನ ಸಾಬಣ್ಣ ಎಂದು ಕರೆಯುತ್ತಾರೆ. ಪ್ರೀತಿಯಿಂದ ಇಟ್ಟ ಹೆಸರಲ್ಲ. ಅಗ್ನಿಶಾಮಕ ದಳದಲ್ಲಿ ತಲೆ ನರೆಯುವವರೆಗೆ ದುಡಿದವನಿಗೆ ಬೆಂಕಿ ಸಾಬಣ್ಣ ಎಂದಾದರೂ ಹೆಸರಿಡಬಹುದಿತ್ತು. ಬಾವಿಗೆ ಬಿದ್ದ ಎಮ್ಮೆಗಳನ್ನು ಹಗ್ಗ ಕಟ್ಟಿ ಎತ್ತಿದ್ದೇನೆ, ಭೀಮಾ ನದಿಯ ಮಡುವಿನಲ್ಲಿ ಹೆಣ ಹುಡುಕಿದ್ದೇನೆ, ಹತ್ತಿ ಗೋದಾಮಿನ ಹೊಗೆ ಕುಡಿದು ಇವತ್ತಿಗೂ ಕೆಮ್ಮುತ್ತೇನೆ. ಅದ್ಯಾವುದೂ ಜನರ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಒಂದು ಮಧ್ಯಾಹ್ನ ಮಾತ್ರ.

ಈಗ ಕೆಲಸಕ್ಕೆ ಸೇರಿದ ತರುಣರು ಆಗಾಗ ಮನೆಗೆ ಬಂದು, ನಿಮ್ಮ ಅನುಭವ ಹೇಳಿ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಶೌರ್ಯದ ಕಥೆ. ನನ್ನಲ್ಲಿ ಇರುವುದು ನೀರಿನ ಕಥೆ, ಅದೂ ಪೋಲಾದ ನೀರಿನದು. ಬಡ್ತಿ, ಪದಕಗಳ ಸುದ್ದಿ ಬೇಡ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಬರೆಯುತ್ತೇನೆ. ಯಾದಗಿರಿ, ಶಹಾಪುರ, ಸುರಪುರ ಈ ಸೀಮೆಯಲ್ಲೇ ನನ್ನ ಸೇವೆಯೆಲ್ಲ ಮುಗಿಯಿತು. ಆ ಮಧ್ಯಾಹ್ನದ ಘಟನೆ ಯಾವ ಊರಿನ ಠಾಣೆಯಲ್ಲಿ ನಡೆಯಿತು, ಯಾವ ಅಧಿಕಾರಿಯ ಕಾಲದಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ಹೇಳಿದರೂ ಈಗ ಯಾರ ಕೂದಲೂ ಕೊಂಕುವುದಿಲ್ಲ.

ಸೇರಿದ ಹೊಸತರಲ್ಲಿ ನನ್ನನ್ನು ಭೀಮರಾಯನ ಕೈಗೆ ಕೊಟ್ಟರು. ನನಗಿಂತ ಹಿರಿಯ, ಬಾಯಿ ಜೋರು, ಬೆಂಕಿಯ ಮುಂದೆ ಮಾತ್ರ ಮೌನಿ. ನಮ್ಮ ಕಡೆಯ ಬೇಸಿಗೆ ಎಂದರೆ ನಿಮಗೆ ಗೊತ್ತು. ದನದ ಮೇವಿಗೆ ಒಟ್ಟಿದ ಜೋಳದ ಕಣಕಿಯ ಬಣವಿಗಳು, ತೊಗರಿ ಕಟ್ಟಿಗೆಯ ಒಟ್ಟಿಲುಗಳು, ಹತ್ತಿ ತುಂಬಿದ ಅಂಡಿಗೆಗಳು. ಒಂದು ಬೀಡಿ ಸಾಕು. ನಾವು ಹೋಗುವ ಹೊತ್ತಿಗೆ ಅರ್ಧ ಬಣವಿ ಬೂದಿಯಾಗಿರುತ್ತಿತ್ತು, ಉಳಿದ ಅರ್ಧಕ್ಕೆ ನಾವು ನೀರು ಹೊಡೆದರೆ ದನ ಅದನ್ನು ಮೂಸುತ್ತಿರಲಿಲ್ಲ. ಜನ ಬೈಯುತ್ತಿದ್ದರು. ತಡವಾಗಿ ಬಂದಿದ್ದಕ್ಕೆ ಬೈಗುಳ, ಬಂದು ನೀರು ಹೊಡೆದಿದ್ದಕ್ಕೂ ಬೈಗುಳ. ಈ ಕೆಲಸದಲ್ಲಿ ಮೊದಲು ಗಟ್ಟಿಯಾಗಬೇಕಾದದ್ದು ಕಿವಿ.

ಶಿರವಾಳದ ಹತ್ತಿರ ಒಂದು ಬಣವಿಗೆ ಬೆಂಕಿ ಬಿದ್ದಿತ್ತು. ಸಂಜೆಯ ಬಿಸಿಲು. ಕೊಳವೆಯ ತುದಿಯ ನಳಿಕೆ ನನ್ನ ಕೈಯಲ್ಲಿತ್ತು. ನೀರನ್ನು ಚದುರಿಸಿ ಬಿಟ್ಟೆ. ಬಣವಿಯ ಈಚೆಗೆ, ಗಾಳಿಯಲ್ಲಿ, ಒಂದು ಕಾಮನಬಿಲ್ಲು ಎದ್ದು ನಿಂತಿತು. ಆಕಾಶದಲ್ಲಿ ಕಾಣುವಂಥದ್ದಲ್ಲ, ಕೈ ಚಾಚಿದರೆ ಸಿಗುವಂತೆ ಕಂಡಿತು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಹಿಂದಿನಿಂದ ಹೆಲ್ಮೆಟ್ ಮೇಲೆ ಟಪ್ ಎಂದು ಏಟು ಬಿತ್ತು.

"ಬಿಲ್ಲು ನೋಡಾಕ ಬಂದೀಯೇನಲೇ?" ಎಂದ ಭೀಮರಾಯ. "ಬಿಲ್ಲು ಕಾಣಾಕತ್ತಾದ ಅಂದ್ರ ನೀರು ಗಾಳ್ಯಾಗ ಅದ, ಬೆಂಕಿಗಿ ಮುಟ್ಟಿಲ್ಲ ಅಂತ ಅರ್ಥ. ಬೆಂಕಿಗಿ ಮುಟ್ಟಿದ್ರ ಉಗಿ ಆಗ್ತದ. ಮುಂದಕ್ಕ ನಡಿ!"

ತರಬೇತಿಯಲ್ಲಿ ಯಾರೂ ಹೇಳದ ಮಾತು ಅದು. ಹೊಸಬರೇ, ಇದನ್ನು ನೆನಪಿಟ್ಟುಕೊಳ್ಳಿ. ಎದುರಿಗೆ ಕಾಮನಬಿಲ್ಲು ಕಂಡರೆ ಚೆಂದ ಎಂದು ನಿಲ್ಲಬೇಡಿ. ನಿಮ್ಮ ನೀರು ಇನ್ನೂ ಕೆಲಸಕ್ಕೆ ಬಂದಿಲ್ಲ ಎಂದು ತಿಳಿದು ಎರಡು ಹೆಜ್ಜೆ ಮುಂದೆ ಹೋಗಿ.

ಆಮೇಲೆ ನಾನು ಗಾಡಿ ಓಡಿಸುವ, ಪಂಪು ನಡೆಸುವ ಕೆಲಸಕ್ಕೆ ಬಂದೆ. ಅಷ್ಟರಲ್ಲಿ ನಮ್ಮ ಕೆಲಸದ ಬಣ್ಣವೂ ಬದಲಾಯಿತು. ಹೆಲಿಕಾಪ್ಟರ್ ಇಳಿಯುವ ಬಯಲಿನ ಧೂಳಿಗೆ ನೀರು ಹೊಡೆಯುವುದು, ಸಮಾರಂಭದ ಹಿಂದೆ ಗಾಡಿ ನಿಲ್ಲಿಸಿ ಕಾಯುವುದು, ಮೆರವಣಿಗೆ ಹೋದ ಮೇಲೆ ರಸ್ತೆ ತೊಳೆಯುವುದು. ಬೆಂಕಿ ಬಂದರೆ ಹೋಗಬೇಕು ಎಂಬುದು ನಡುನಡುವೆ ಬರುವ ತೊಂದರೆ ಎನ್ನುವಂತೆ ಕೆಲವು ಅಧಿಕಾರಿಗಳು ಮಾತಾಡುತ್ತಿದ್ದರು. ಅಂಥವರಲ್ಲಿ ಒಬ್ಬರು ನಮ್ಮ ಠಾಣೆಗೆ ಬಂದರು. ಕೆಟ್ಟವರು ಎನ್ನಲಾರೆ. ಲಂಚ ಮುಟ್ಟಿದವರಲ್ಲ, ಕೆಳಗಿನವರನ್ನು ಹೊಡೆದವರಲ್ಲ. ಮೇಲಿನವರ ಕಣ್ಣಿಗೆ ಬೀಳಬೇಕು ಎಂಬ ಒಂದೇ ಹಸಿವು. ಆ ಹಸಿವಿಗೆ ಯಾವ ಊಟವೂ ಸಾಲುವುದಿಲ್ಲ.

ಬೆಂಕಿ ಸುರಕ್ಷತೆಯ ಸಪ್ತಾಹ ಬಂತು. ಶಾಲೆಯ ಮೈದಾನದಲ್ಲಿ ಪ್ರದರ್ಶನ, ಮೇಲಿನಿಂದ ದೊಡ್ಡ ಸಾಹೇಬರೊಬ್ಬರು ಬರುವವರಿದ್ದರು. ನಮ್ಮ ಸಾಹೇಬರು ಅಂದು ಬೆಳಿಗ್ಗೆ ತಾಲೀಮು ಮಾಡಿಸಿದರು. ಮೈದಾನದ ಪೂರ್ವ ದಿಕ್ಕಿಗೆ ವೇದಿಕೆ, ಅದರ ಮುಖ ಪಶ್ಚಿಮಕ್ಕೆ. ವೇದಿಕೆಯ ಎದುರು ಭೀಮರಾಯ ನಳಿಕೆ ಎತ್ತಿ ನೀರನ್ನು ಮಂಜಿನಂತೆ ಚದುರಿಸಿದ. ಅಕಸ್ಮಾತ್ತಾಗಿ ಅಲ್ಲಿ ದೊಡ್ಡದೊಂದು ಕಾಮನಬಿಲ್ಲು ಮೂಡಿತು. ವೇದಿಕೆಯ ಮೇಲಿದ್ದ ಶಿಕ್ಷಕರೆಲ್ಲ ಚಪ್ಪಾಳೆ ಹೊಡೆದರು. ಸಾಹೇಬರ ಮುಖ ಅರಳಿತು.

"ಇದೇ! ಸಾಹೇಬರು ಬಂದಾಗ ಇದೇ ಬರಬೇಕು. ಎಲ್ಲಿ ನಿಂತಿದ್ದೆ ಭೀಮರಾಯ? ಅಲ್ಲಾಡಬೇಡ, ಹಾಗೇ ನಿಲ್ಲು" ಎಂದು ಓಡಿಬಂದು, ಭೀಮರಾಯನ ಬೂಟಿನ ಸುತ್ತ ಸುಣ್ಣದಲ್ಲಿ ಗುರುತು ಹಾಕಿಸಿದರು. ಗಾಡಿಯ ಚಕ್ರಕ್ಕೂ ಗುರುತು. ಪಂಪಿನ ಒತ್ತಡ ಎಷ್ಟಿತ್ತು ಎಂದು ನನ್ನನ್ನು ಕೇಳಿ ಬಾಯಿಪಾಠ ಮಾಡಿಕೊಂಡರು. ಕಾಮನಬಿಲ್ಲು ಆ ಜಾಗದಲ್ಲಿ ಹೂತಿಟ್ಟ ವಸ್ತು, ಅದೇ ಜಾಗದಲ್ಲಿ ನಿಂತು ಅಷ್ಟೇ ನೀರು ಹೊಡೆದರೆ ಮತ್ತೆ ಏಳುತ್ತದೆ ಎಂದು ಅವರು ನಂಬಿದರು. ನಾವೂ ನಂಬಿದೆವು. ನಮಗಾದರೂ ಏನು ಗೊತ್ತಿತ್ತು?

ಬೆಳಿಗ್ಗೆ ಬರಬೇಕಾದ ದೊಡ್ಡ ಸಾಹೇಬರು ಬಂದದ್ದು ಊಟ ಮುಗಿಸಿಕೊಂಡು, ಹೊತ್ತು ಪಶ್ಚಿಮಕ್ಕೆ ವಾಲಿದ ಮೇಲೆ. ಭಾಷಣ ಆಯಿತು, ಶಾಲು ಆಯಿತು. ನಮ್ಮ ಸಾಹೇಬರು ಮೈಕಿನಲ್ಲಿ, "ಈಗ ನಮ್ಮ ಸಿಬ್ಬಂದಿ ತಮ್ಮ ಗೌರವಾರ್ಥ ನೀರಿನಲ್ಲಿ ಕಾಮನಬಿಲ್ಲು ನಿರ್ಮಿಸಲಿದ್ದಾರೆ" ಎಂದು ಘೋಷಿಸಿದರು. ಭೀಮರಾಯ ಸುಣ್ಣದ ಗುರುತಿನಲ್ಲಿ ಬೂಟು ಇಟ್ಟು ನಿಂತ. ನಾನು ಪಂಪು ಬಿಟ್ಟೆ. ನೀರು ಮೇಲೆದ್ದಿತು. ಬಿಲ್ಲು ಬರಲಿಲ್ಲ.

ಬಿಳಿ ಮಂಜು ಮಾತ್ರ ಬಿಸಿಲಿಗೆ ಹೊಳೆಯಿತು. ದೊಡ್ಡ ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನಮ್ಮ ಸಾಹೇಬರು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ, "ಪ್ರೆಶರ್ ಏರಿಸು" ಎಂದರು. ಏರಿಸಿದೆ. ಇಳಿಸು ಎಂದರು, ಇಳಿಸಿದೆ. ಅಷ್ಟರಲ್ಲಿ ಮೈದಾನದ ಪಶ್ಚಿಮದ ಗೋಡೆಯ ಆಚೆ, ರಸ್ತೆಯಲ್ಲಿ ನಿಂತಿದ್ದ ಶೇಂಗಾ ಮಾರುವವರು, ಆಟೋದವರು, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಹೋ ಎಂದು ಕೂಗಿ ಸಿಳ್ಳೆ ಹೊಡೆದರು. ನಮ್ಮನ್ನು ಗೇಲಿ ಮಾಡುತ್ತಿದ್ದಾರೆ ಎಂದು ಸಾಹೇಬರು ಕೆಂಡವಾದರು. ರಸ್ತೆಯವರಿಗೆ ಬಿಲ್ಲು ಕಾಣುತ್ತಿತ್ತು ಎಂದು ತಿಳಿದದ್ದು ಮರುದಿನ. ಸೂರ್ಯ ಅವರ ಬೆನ್ನಿಗಿದ್ದ, ನಮ್ಮ ವೇದಿಕೆಯ ಮುಖಕ್ಕಿದ್ದ. ಇಡೀ ಬಿಲ್ಲು ಶೇಂಗಾ ಮಾರುವವರ ಪಾಲಾಗಿತ್ತು.

"ಸರ್, ಟಾಕಿಯಾಗ ನೀರು ತಳಕ್ಕ ಬಂದಾವ್ರಿ. ಇನ್ನೊಂದು ಗಾಡಿ ರಿಪೇರಿಗಿ ಹೋಗ್ಯಾದ. ನಾ ಹೋಗಿ ತುಂಬಿಸ್ಕೊಂಡ್ ಬರ್ತೀನ್ರಿ" ಎಂದೆ.

"ಕಾರ್ಯಕ್ರಮ ಮುಗಿಯೋವರೆಗೆ ಗಾಡಿ ಅಲ್ಲಾಡಬಾರದು. ವೇದಿಕೆ ಮುಂದೆ ಗಾಡಿನೇ ಇಲ್ಲ ಅಂದರೆ ಏನು ಚೆಂದ? ಇನ್ನೊಂದು ಸಲ ಹೊಡೆಸು" ಎಂದರು.

ಹೊಡೆಸಿದೆ. ನೀರು ಕೆಮ್ಮಿ ಕೆಮ್ಮಿ ನಿಂತಿತು. ವಂದನಾರ್ಪಣೆ ನಡೆಯುತ್ತಿರುವಾಗ ಠಾಣೆಯಿಂದ ಕರೆ ಬಂತು. ಬಜಾರಿನಲ್ಲಿ ಖಾಸೀಂಸಾಬರ ಗಾದಿ ಅಂಗಡಿಗೆ ಬೆಂಕಿ.

ಖಾಸೀಂಸಾಬರು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನದವರು. ಊರಲ್ಲಿ ಮಷೀನು ಬಂದಮೇಲೂ, ಹೆಗಲ ಮೇಲೆ ಹಿಂಜುವ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ ಮನೆಬಾಗಿಲಲ್ಲೇ ಹತ್ತಿ ಹಿಂಜಿ ಕೊಡುತ್ತಿದ್ದರು. ಅವರ ಬಲಗೈ ತಂತಿಗೆ ಬಡಿಯುವ ಸದ್ದು ಕೇಳಿದರೆ ಹೆಂಗಸರು ಹಳೆಯ ಗಾದಿ ಹೊರಗೆ ತರುತ್ತಿದ್ದರು. ನನ್ನ ಮದುವೆಯ ಗಾದಿಯೂ ಅವರ ಕೈಯದೇ. ಅಂಗಡಿ ಎಂದರೆ ಸಣ್ಣ ಕೋಣೆ, ಸೂರಿನವರೆಗೆ ಹತ್ತಿ. ವೈರು ಕಿಡಿ ಉಗುಳಿತಂತೆ.

ತುಂಬಿಸಿಕೊಳ್ಳಲು ಹೋದರೆ ತಡವಾಗುತ್ತದೆ, ತಳದಲ್ಲಿ ಉಳಿದಷ್ಟಾದರೂ ಹೊಡೆಯೋಣ ಎಂದು ನಾವು ಗಂಟೆ ಬಾರಿಸುತ್ತ ಬಜಾರಿಗೆ ನುಗ್ಗಿದೆವು. ತಡವಾಗಿರಲಿಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಆ ದಿನ ನಾವು ತಡವಾಗಿರಲಿಲ್ಲ. ಬಾಗಿಲ ಬಳಿಯ ಹತ್ತಿ ಮಾತ್ರ ಉರಿಯುತ್ತಿತ್ತು. ಜನ ಗಾಡಿ ನೋಡಿದ್ದೇ ದಾರಿ ಬಿಟ್ಟರು. "ಬಂದ್ರು, ಬಂದ್ರು, ಸರೀರಿ!" ಎಂದರು. ಗಾಡಿಯನ್ನು ನೋಡಿದ್ದರಿಂದಲೇ ಧೈರ್ಯ ಬಂದು ಖಾಸೀಂಸಾಬರು ಒಳಗೆ ನುಗ್ಗಿದರು. ಒಬ್ಬ ಮದುಮಗಳ ಹಾಸಿಗೆ ಒಳಗಿತ್ತು, ಮರುದಿನ ಕೊಡಬೇಕಾದದ್ದು. ಜನರ ವಸ್ತು ತಮ್ಮ ಸೂರಿನಡಿ ಸುಡಬಾರದು ಎಂದು ಹೋದರು. ನೀರಿನ ಗಾಡಿ ಬಾಗಿಲಲ್ಲೇ ಇದೆಯಲ್ಲ ಎಂದು ಹೋದರು.

ಭೀಮರಾಯ ನಳಿಕೆ ಹಿಡಿದು ಕೂಗಿದ, "ಬಿಡು ಸಾಬಣ್ಣ!" ನಾನು ಬಿಟ್ಟೆ. ಕೊಳವೆ ಒಮ್ಮೆ ಉಬ್ಬಿ, ಒಂದೆರಡು ಕೊಡದಷ್ಟು ನೀರು ಉಗುಳಿ ಚಪ್ಪಟೆಯಾಯಿತು.

ಆಮೇಲಿನದನ್ನು ಬರೆಯುವುದಕ್ಕೆ ನನಗೆ ಇಷ್ಟವಿಲ್ಲ, ಬರೆಯದಿದ್ದರೆ ಈ ಬರವಣಿಗೆಗೆ ಅರ್ಥವಿಲ್ಲ. ಜನ ಕೊಡಗಳಲ್ಲಿ ನೀರು ತಂದರು. ಭೀಮರಾಯ ಒದ್ದೆ ಗೋಣಿಚೀಲ ಹೊದ್ದು ಒಳಗೆ ಹೋಗಿ ಖಾಸೀಂಸಾಬರನ್ನು ಎಳೆದು ತಂದ. ಅವರ ಬಲಗೈ ಹಾಸಿಗೆಯನ್ನು ಇನ್ನೂ ಬಿಟ್ಟಿರಲಿಲ್ಲ. ಹಾಸಿಗೆಯೂ ಉರಿಯುತ್ತಿತ್ತು, ಕೈಯೂ ಉರಿಯುತ್ತಿತ್ತು. ನಾನು ಗಾಡಿ ತಿರುಗಿಸಿ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅಂಗಡಿ ಇರಲಿಲ್ಲ. ಗುಂಪಿನಲ್ಲಿ ಯಾರೋ ಕೂಗಿದರು: "ನೀರೆಲ್ಲಾ ಸಾಲ್ಯಾಗ ಕಾಮನಬಿಲ್ಲು ಮಾಡಿ ಚೆಲ್ಲಿ ಬಂದಾರ!" ನನ್ನ ಹೆಸರು ಅಲ್ಲಿ ಹುಟ್ಟಿತು.

ವಿಚಾರಣೆ ನಡೆಯಿತು. ಪಂಪು ನಡೆಸುವವನು ಸಮಯಕ್ಕೆ ನೀರು ತುಂಬಿಸಿಕೊಳ್ಳಲಿಲ್ಲ ಎಂದು ತೀರ್ಮಾನವಾಯಿತು. ಸಾಬಣ್ಣ ಕೇಳಿದ್ದ, ಸಾಹೇಬರೇ ಬೇಡವೆಂದಿದ್ದರು ಎಂದು ಭೀಮರಾಯ ಎದೆ ತಟ್ಟಿ ಹೇಳಿದ. ಅವನ ಮಾತು ಗಾಳಿಗೆ ಹೋಯಿತು. ಕಾರ್ಯಕ್ರಮ ಅಚ್ಚುಕಟ್ಟಾಗಿ ನಡೆಸಿದ್ದಕ್ಕೆ ನಮ್ಮ ಸಾಹೇಬರಿಗೆ ಮೆಚ್ಚುಗೆ ಬಂತು, ಮುಂದೆ ಮೇಲಿನ ಹುದ್ದೆಯೂ ಬಂತು. ನನ್ನನ್ನೂ ಭೀಮರಾಯನನ್ನೂ ಸುರಪುರಕ್ಕೆ ಎತ್ತಿ ಒಗೆದರು. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಬೇಕು ಎನ್ನುವವರಿದ್ದಾರೆ. ಅವರು ಕ್ಷಮಿಸಲಿ.

ಸುರಪುರದ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವುದು ಮಾಮೂಲು. ಗಾಡಿ ಏರುವುದಿಲ್ಲ, ಕೊಳವೆಗೆ ಕೊಳವೆ ಜೋಡಿಸಿಕೊಂಡು ಬಂಡೆ ಹತ್ತಬೇಕು. ಒಮ್ಮೆ ಬೆಂಕಿ ಆರಿದ ಮೇಲೆ ಬಂಡೆಯ ತುದಿಯಲ್ಲಿ ನಿಂತು ಕೆಳಗಿನ ಕಂದಕಕ್ಕೆ ನೀರು ಚದುರಿಸುತ್ತಿದ್ದೆವು. ಬಿಸಿಲು ಬೆನ್ನಿಗಿತ್ತು. ಬಿಲ್ಲು ಕಂಡಿತು, ಆದರೆ ಅರ್ಧಕ್ಕೆ ನಿಲ್ಲಲಿಲ್ಲ. ಎರಡೂ ತುದಿ ನಮ್ಮ ಕಾಲಿನ ಕೆಳಗಿಳಿದು ಕೂಡಿಕೊಂಡವು. ಬಳೆಯಂತೆ ಪೂರ್ತಿ ದುಂಡಗೆ.

"ನೋಡಲೇ, ನಡುವ ನನ್ನ ತಲಿ ನೆರಳು ಅದ!" ಎಂದ ಭೀಮರಾಯ.

"ನಿಂದೆಲ್ಲಿ ಅದ? ನಡುವ ಇರೋದು ನನ್ನ ತಲಿ" ಎಂದೆ.

"ಕಣ್ಣು ಹೋಗ್ಯಾವೇನು ನಿನಗ? ಸರಿಯಾಗಿ ನೋಡು."

ಇಬ್ಬರೂ ಮಕ್ಕಳಂತೆ ಜಗಳಾಡಿದೆವು. ಜಾಗ ಅದಲು ಬದಲು ಮಾಡಿ ನಿಂತೆವು. ಆಗಲೂ ಅವನಿಗೆ ಅವನ ತಲೆ, ನನಗೆ ನನ್ನ ತಲೆ. ಸೇವೆಯಲ್ಲಿ ನಾನು ಮನಸಾರೆ ನಕ್ಕ ಕಡೆಯ ದಿನಗಳಲ್ಲಿ ಅದೂ ಒಂದು.

ಆ ತಿಂಗಳೇ ತಾಲ್ಲೂಕಿನ ಒಂದು ಶಾಲೆಗೆ ಬೆಂಕಿ ಸುರಕ್ಷತೆಯ ಪಾಠಕ್ಕೆ ಹೋಗಿದ್ದಾಗ ವಿಜ್ಞಾನದ ನೀಲಮ್ಮ ಟೀಚರಿಗೆ ಈ ಜಗಳದ ವಿಷಯ ಹೇಳಿದೆ. ಅವರು ನಗುತ್ತ ಬೋರ್ಡಿನ ಮೇಲೆ ಒಂದು ದುಂಡನೆಯ ಹನಿ ಬರೆದರು.

"ಇಬ್ಬರೂ ಖರೇನೇ ಹೇಳೀರಿ. ಬಿಸಿಲು ಹನಿಯೊಳಗ ಹೋಗುವಾಗ ಬಾಗ್ತದ್ರಿ. ಹಿಂದಿನ ಗ್ವಾಡಿಗಿ ಬಡದು ಹೊಳ್ಳಿ ಬರ್ತದ, ಹೊರಗ ಬರುವಾಗ ಮತ್ತ ಬಾಗ್ತದ. ಒಂದೊಂದು ಬಣ್ಣ ಒಂದೊಂದು ಅಳತಿಗಿ ಬಾಗ್ತದ, ಅದಕ್ಕೇ ಬಣ್ಣ ಬ್ಯಾರೆ ಬ್ಯಾರೆ ಆಗ್ತಾವ. ಸೂರ್ಯ ನಿಮ್ಮ ಬೆನ್ನಿಗೇ ಇರಬೇಕು. ನಿಮ್ಮ ಕಣ್ಣಿನಿಂದ ತಲಿ ನೆರಳಿಗಿ ಒಂದು ಗೆರಿ ಎಳೀರಿ. ಆ ಗೆರಿಗಿ ಸುಮಾರು ನಲ್ವತ್ತೆರಡು ಡಿಗ್ರಿ ಕೋನದಾಗ ಇರೋ ಹನಿ ಅಷ್ಟೇ ನಿಮಗ ಕೆಂಪು ಕಳಿಸ್ತಾವ. ಮ್ಯಾಲಿರಲಿ, ಎಡಕ್ಕಿರಲಿ, ಬಲಕ್ಕಿರಲಿ, ಕೋನ ಒಂದೇ. ಅಂಥಾ ಹನಿ ಎಲ್ಲಾ ಕೂಡಿದ್ರ ದುಂಡಗ ಆಗಲೇಬೇಕಲ್ರಿ?"

"ಮತ್ತ ದಿನಾ ಅರ್ಧ ಕಾಣ್ತದಲ್ರಿ ಟೀಚರ್?"

"ಉಳಿದ ಅರ್ಧಕ್ಕ ನೆಲ ಅಡ್ಡ ಬರ್ತದ. ಎತ್ತರದಾಗ ನಿಂತ್ರ ಪೂರ್ತಿ ಕಾಣ್ತದ. ನಿಮ್ಮ ಕಣ್ಣಿಗಿ ಬರೋ ಬೆಳಕು ಬ್ಯಾರೆ ಹನಿಯದು, ಅವರ ಕಣ್ಣಿಗಿ ಬರೋದು ಬ್ಯಾರೆ ಹನಿಯದು. ಒಬ್ಬರ ಬಿಲ್ಲು ಇನ್ನೊಬ್ಬರಿಗಿ ಕಾಣಂಗಿಲ್ರಿ. ಅದಕ್ಕ ಒಂದು ಜಾಗ ಅಂತನೂ ಇಲ್ಲ."

ಒಂದು ಜಾಗ ಎಂಬುದಿಲ್ಲ. ಮಕ್ಕಳು ಹನಿಯ ಚಿತ್ರವನ್ನು ಬರೆದುಕೊಳ್ಳುತ್ತಿದ್ದರು. ನನಗೆ ಭೀಮರಾಯನ ಬೂಟಿನ ಸುತ್ತ ಹಾಕಿದ ಸುಣ್ಣ ಕಣ್ಣ ಮುಂದೆ ಬಂತು. ವೇದಿಕೆಯ ಕುರ್ಚಿಗಳನ್ನು ತಿರುಗಿಸಿ, ನೀರನ್ನು ಆಚೆ ಮಗ್ಗುಲಿಗೆ ಹೊಡೆದಿದ್ದರೆ ಮೊದಲ ಸಲಕ್ಕೇ ಬಿಲ್ಲು ಬರುತ್ತಿತ್ತು, ಟಾಕಿಯಲ್ಲಿ ನೀರು ಉಳಿಯುತ್ತಿತ್ತು. ಶಾಲೆಯ ಪುಸ್ತಕದಲ್ಲಿ ಇರುವ ಒಂದು ಪಾಠ. ಶಾಲೆಯ ಮೈದಾನದಲ್ಲೇ ನಿಂತಿದ್ದೆವು.

ಈಗ ಎಲ್ಲ ಬದಲಾಗಿದೆ ಎನ್ನುತ್ತಾರೆ. ನಮ್ಮ ಕಾಲದಲ್ಲಿ ನೇರ ಧಾರೆಗೆ ಒಂದು ನಳಿಕೆ, ಚದುರಿಸಲು ಇನ್ನೊಂದು. ಈಗ ಒಂದೇ ನಳಿಕೆಯನ್ನು ಮಣಿಕಟ್ಟಿನಲ್ಲಿ ತಿರುಗಿಸಿದರೆ ಧಾರೆ ಮಂಜಾಗುತ್ತದೆ. ಬೆಂಕಿ ಎಲ್ಲಿದೆ ಎಂದು ಫೋನೇ ದಾರಿ ತೋರಿಸುತ್ತದೆ. ಒಳ್ಳೆಯದು. ಆದರೆ ಮೊನ್ನೆ ಒಂದು ಸಮಾರಂಭದಲ್ಲಿ ಅದೇ ಹೊಸ ನಳಿಕೆಯಿಂದ ಅತಿಥಿಗಳಿಗೆ ಕಾಮನಬಿಲ್ಲು ಮಾಡಿ ತೋರಿಸಿ, ಎಲ್ಲರೂ ಫೋನಿನಲ್ಲಿ ಚಿತ್ರ ತೆಗೆದುಕೊಂಡರಂತೆ. ನನಗೂ ಕಳಿಸಿದ್ದರು. ಟಾಕಿಯಲ್ಲಿ ನೀರು ಎಷ್ಟು ಉಳಿಯಿತು ಎಂದು ಕೇಳಿದೆ. ನಗುವ ಮುಖದ ಗುರುತೊಂದು ಬಂತು. ಹೊಸಬರೇ, ಅಧಿಕಾರಿ ಬೇಡ ಎಂದರೂ ಟಾಕಿ ತುಂಬಿಸಿಕೊಳ್ಳಿ. ಮೆಮೊ ಬಂದರೆ ಬರಲಿ. ಹೇಗಿದ್ದರೂ ಬರುವುದು ನಿಮಗೇ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಹೋದ ಮಳೆಗಾಲದಲ್ಲಿ, ಆ ಪ್ರದರ್ಶನ ನಡೆದ ಊರಿಗೆ ಮದುವೆಯೊಂದಕ್ಕೆ ಹೋಗಿದ್ದೆ. ಸಂಜೆ ಬಜಾರಿನಲ್ಲಿ ಬರುತ್ತಿದ್ದಾಗ ಮಳೆ ಬಿತ್ತು. ಒಂದು ಗಾದಿ ಅಂಗಡಿಯ ಮುಂದಿನ ತಗಡಿನ ಕೆಳಗೆ ನಿಂತೆ. ಹೊರಗೆ ಬೆಂಚಿನ ಮೇಲೆ ಖಾಸೀಂಸಾಬರು ಕೂತಿದ್ದರು, ಒಳಗೆ ಅವರ ಅಳಿಯ ಮಷೀನು ನಡೆಸುತ್ತಿದ್ದ.

"ಯಾರು, ಸಾಬಣ್ಣೇನು? ಬಾ ಕೂಡು. ತೊಯ್ದೀದಿ" ಎಂದು ಜಾಗ ಮಾಡಿಕೊಟ್ಟರು. ಆ ಹೆಸರಿನ ಹಿಂದೆ ಕಾಮನಬಿಲ್ಲು ಸೇರಿಸದೆ ಕರೆಯುವವರು ಆ ಊರಲ್ಲಿ ಅವರೊಬ್ಬರೇ.

ಮಳೆ ಪೂರ್ವಕ್ಕೆ ಸರಿಯಿತು. ಹಿಂದಿನಿಂದ ಬಿಸಿಲು ಬಿತ್ತು. ಮನೆಗಳ ಮೇಲೆ ದೊಡ್ಡ ಬಿಲ್ಲು ಮೂಡಿತು. ನಾನು ತಲೆ ತಗ್ಗಿಸಿ ಕೂತೆ. ಅವರೇ ನನ್ನ ಮೊಣಕೈ ತಿವಿದರು.

"ಸಾಬಣ್ಣಾ, ನೀ ಫೈರ್ ಗಾಡ್ಯಾಗ ಇದ್ದಾಂವ. ನಿನಗ ಗೊತ್ತಿರಬೇಕು. ಇದು ಬಗ್ಗೇ ಯಾಕ ಬರ್ತದ? ನೆಟ್ಟಗ ಯಾಕ ಬರಂಗಿಲ್ಲ?"

ಟೀಚರು ಹೇಳಿದ್ದನ್ನು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಎಬ್ಬಿಸಿ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. "ನಿಮ್ಮ ತಲಿ ನೆರಳಿಗಿ ಎಡಗೈ ಹಿಡೀರಿ. ಈಗ ಬಲಗೈ ಆ ಕೆಂಪು ಬಣ್ಣದ ಬುಡಕ್ಕ ತೋರಸ್ರಿ. ಎರಡೂ ಕೈ ನಡುವಿನ ಅಂತರ ಬಿಡದಂಗ, ಬಲಗೈ ಹಂಗೇ ಮ್ಯಾಲಕ್ಕ ತಿರಗಸ್ರಿ ಖಾಸೀಂ ಭಾಯಿ. ಅದು ತಾನೇ ದುಂಡಗ ಹೋಗ್ತದ ನೋಡ್ರಿ." ಶಾಲೆಗಳಲ್ಲಿ ಮಕ್ಕಳಿಗೆ ಹೀಗೆಯೇ ತೋರಿಸಿ ನನಗೆ ರೂಢಿ. ಬಾಯಿ ತಾನಾಗಿ ಹೇಳಿಬಿಟ್ಟಿತು.

ಅವರು ಎಡಗೈ ಹಿಡಿದರು. ಬಲಗೈ ಬಿಲ್ಲಿನ ಬುಡದಿಂದ ಮೇಲಕ್ಕೆ ಹೊರಟಿತು. ಭುಜದ ಮಟ್ಟಕ್ಕೆ ಬರುವ ಮೊದಲೇ ನಿಂತಿತು. ಸುಟ್ಟ ಚರ್ಮ ಕಂಕುಳಲ್ಲಿ ಅಂಟಿಕೊಂಡು ಎಳೆಯುತ್ತಿತ್ತು, ಮೊಣಕೈ ಪೂರ್ತಿ ಬಿಚ್ಚಲಿಲ್ಲ. ಅವರು ಇನ್ನೊಮ್ಮೆ ಎತ್ತಲು ನೋಡಿದರು.

"ನಂದು ಇಷ್ಟೇ ಏಳ್ತದೋ. ಉಳಿದಿದ್ದು ನೀ ತೋರ್ಸು" ಎಂದರು.

ನಾನು ನನ್ನ ಕೈ ಎತ್ತಿ ಬಿಲ್ಲಿನ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದೆ. ಅವರು ನನ್ನ ಬೆರಳಿನ ಹಿಂದೆಯೇ ಕಣ್ಣು ಓಡಿಸಿದರು.

"ಅವತ್ತು ಸಾಲ್ಯಾಗ ಮಾಡಿದ್ದು ಇದೇ ಏನು?"

"ಹೌದ್ರಿ. ಇದೇ."

"ಭಾಳ ಚೆಂದ ಅದ. ದೊಡ್ಡ ಸಾಹೇಬ್ರು ಏನಂದ್ರು, ನೋಡಿ?"

ಸುಳ್ಳು ಹೇಳಬಹುದಿತ್ತು. "ಅವರಿಗಿ ಕಾಣಲೇ ಇಲ್ರಿ, ಖಾಸೀಂ ಭಾಯಿ. ಬಿಸಿಲು ಅವರ ಮಾರಿಗಿ ಇತ್ತು" ಎಂದೆ.

ಅವರು ನನ್ನನ್ನು ನೋಡಿದರು. ಅರ್ಧಕ್ಕೆ ನಿಂತಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಕಾಣ್ಲಿಲ್ಲೇನು?" ಎಂದರು. "ಇಷ್ಟು ವರ್ಷ, ಅವರಾದ್ರೂ ನೋಡ್ಯಾರಂತ ತಿಳ್ಕೊಂಡಿದ್ನೋ ಸಾಬಣ್ಣಾ."